ಕಡೇ ಸ್ಥಾನದಿಂದ ಸ್ಟ್ಯಾನ್ಲಿ ಕಪ್‌ಗೆ: ಸೇಂಟ್ ಲೂಯಿಸ್ ಬ್ಲೂಸ್ ತಂಡದ 2018–19ರ ಸೀಸನ್, ಪದೇ ಪದೇ ಕೇಳುವ ಪ್ರಶ್ನೆಗಳು

ಈ ತಂಡದ ಕಥೆಯನ್ನು ಆಫೀಸಿನ ಊಟದ ಮೇಜಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ಐಸ್ ಹಾಕಿನಾ? ಅದನ್ನ ಯಾರು ನೋಡ್ತಾರೆ ಮಾರಾಯ?" ಅಂತ ಶುರುವಾಗುವ ಮಾತು, ಅನ್ನ ತಣ್ಣಗಾಗುವ ಹೊತ್ತಿಗೆ "ಹೌದಾ, ಆಮೇಲೆ?" ಅನ್ನುವಲ್ಲಿಗೆ ಬಂದು ನಿಂತಿರುತ್ತದೆ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಊರಿನ ತಂಡ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಸೇಂಟ್ ಲೂಯಿಸ್ ನಗರದ್ದು. ಆಡುವುದು ನ್ಯಾಷನಲ್ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ. ಅಮೆರಿಕ, ಕೆನಡಾ ಎರಡೂ ದೇಶಗಳ ತಂಡಗಳು ಸೇರಿ ಆ ವರ್ಷ ಲೀಗ್‌ನಲ್ಲಿ 31 ತಂಡಗಳಿದ್ದವು. ಬ್ಲೂಸ್ ಎಂಬ ಹೆಸರು ಬಂದಿದ್ದು ಆ ಊರಿನ ಹೆಸರನ್ನೇ ಹೊತ್ತ ಹಳೆಯ ಬ್ಲೂಸ್ ಹಾಡಿನಿಂದ. ಜರ್ಸಿಯ ಎದೆ ಮೇಲೆ ರೆಕ್ಕೆ ಮೂಡಿದ ಸ್ವರಚಿಹ್ನೆ ಇದೆ. ಬ್ಲೂಸ್ ಅಂದರೆ ಸಂಕಟದಲ್ಲಿ ಹಾಡುವ ಹಾಡು. ಅಭಿಮಾನಿಗಳು ಐವತ್ತು ವರ್ಷ ಹಾಡಿದ್ದೂ ಅದನ್ನೇ.

ನಾನು ಐಸ್ ಹಾಕಿ ನೋಡೇ ಇಲ್ಲ. ಕನಿಷ್ಠ ಎಷ್ಟು ಗೊತ್ತಿದ್ದರೆ ಸಾಕು?

200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಕಣ. ಒಂದೊಂದು ಕಡೆ ಆರು ಜನ: ಐದು ಆಟಗಾರರು, ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅದರ ಹೆಸರು ಪಕ್. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಒಳ್ಳೇ ಹೊಡೆತ ಬಿದ್ದರೆ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. 20 ನಿಮಿಷದ ಮೂರು ಪಿರಿಯಡ್. ಆಟ ನಿಂತಾಗೆಲ್ಲ ಗಡಿಯಾರವೂ ನಿಲ್ಲುತ್ತದೆ, ಹಾಗಾಗಿ ಒಂದು ಪಂದ್ಯಕ್ಕೆ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ.

ಮೊದಲ ಸಲ ನೋಡುವವರಿಗೆ ವಿಚಿತ್ರ ಅನ್ನಿಸುವುದು ಒಂದು ವಿಷಯ: ಆಟ ನಡೆಯುತ್ತಿರುವಾಗಲೇ ಆಟಗಾರರು ಬೇಲಿ ಹಾರಿ ಒಳಗೆ ಬರುತ್ತಾರೆ, ಹೊರಗೆ ಹೋಗುತ್ತಾರೆ. ಒಬ್ಬ ಒಮ್ಮೆಗೆ ಆಡುವುದು ಸುಮಾರು 45 ಸೆಕೆಂಡ್. ಅಷ್ಟರಲ್ಲೇ ಎದೆ ಒಡೆದುಹೋಗುವ ಹಾಗೆ ಏದುಸಿರು ಬಂದಿರುತ್ತದೆ. ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ, ಅವಮಾನವೂ ಅಷ್ಟೇ. ಆ ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಎದುರಾಳಿಗೆ ಅದು ಪವರ್ ಪ್ಲೇ.

ಗೋಲ್‌ಕೀಪರ್‌ಗೆ ಅಲ್ಲಿ ಎಲ್ಲರೂ ಗೋಲಿ ಅಂತಲೇ ಕರೆಯುವುದು. ಗೋಲಿ ಆಡಿ ಬೆಳೆದ ನಮಗೆ ನಗು ಬರುತ್ತದೆ, ಇರಲಿ. ಮುಂದೆ ನಾನೂ ಹಾಗೇ ಬರೆಯುತ್ತೇನೆ.

15-18-4 ಅಂತೆಲ್ಲ ಬರೀತಾರಲ್ಲ, ಏನದು?

ಗೆಲುವು, ಸೋಲು, ಓವರ್‌ಟೈಮ್‌ನಲ್ಲಿ ಸೋಲು. ಗೆದ್ದರೆ 2 ಪಾಯಿಂಟ್. 60 ನಿಮಿಷಕ್ಕೆ ಸಮ ಆಗಿ ಆಮೇಲೆ ಸೋತರೆ ಸಮಾಧಾನಕ್ಕೆ 1. ನೇರವಾಗಿ ಸೋತರೆ ಸೊನ್ನೆ. ಆ ಸೀಸನ್‌ನಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್ ಮೊದಲ ವಾರದ ತನಕ ಪ್ರತಿ ತಂಡಕ್ಕೂ 82 ಪಂದ್ಯ. ಅಲ್ಲಿಂದ 16 ತಂಡಗಳು ಪ್ಲೇ-ಆಫ್‌ಗೆ ಹೋಗುತ್ತವೆ. ಅಲ್ಲಿ ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಕಪ್ ಎತ್ತಬೇಕಾದರೆ, ಅಂದರೆ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್, 16 ಗೆಲುವು ಬೇಕು.

ಐವತ್ತು ವರ್ಷದ ಕೊರಗು ಅಂದಿರಲ್ಲ, ಏನದು?

ಬ್ಲೂಸ್ ಆಡಲು ಶುರುಮಾಡಿದ್ದು 1967ರಲ್ಲಿ. ಮೊದಲ ಮೂರು ವರ್ಷ, 1968, 1969, 1970, ಮೂರಕ್ಕೆ ಮೂರೂ ಸಲ ಫೈನಲ್ ತಲುಪಿತು. ಮೂರೂ ಸಲ 4–0 ಸೋಲು. ಅಂದರೆ ಫೈನಲ್‌ನಲ್ಲಿ 12 ಪಂದ್ಯ ಆಡಿ ಒಂದನ್ನೂ ಗೆದ್ದಿರಲಿಲ್ಲ.

1970ರ ಸೋಲಿಗೆ ಒಂದು ಫೋಟೋ ಬೇರೆ ಇದೆ. ಮೇ 10ರಂದು ಬಾಸ್ಟನ್‌ನಲ್ಲಿ ಬಾಬಿ ಓರ್ ಓವರ್‌ಟೈಮ್ ಗೋಲು ಹೊಡೆದು, ಬ್ಲೂಸ್ ಆಟಗಾರನ ಸ್ಟಿಕ್‌ಗೆ ಕಾಲು ಸಿಕ್ಕಿ, ಎರಡೂ ಕೈ ಚಾಚಿ ಗಾಳಿಯಲ್ಲಿ ಮಲಗಿದಂತೆ ಹಾರಿದ ಚಿತ್ರ. ಹಾಕಿ ಲೋಕದಲ್ಲಿ ಅದಕ್ಕಿಂತ ಪ್ರಸಿದ್ಧವಾದ ಫೋಟೋ ಇಲ್ಲ. ಬೇರೆಯವರಿಗೆ ಅದು ಸೊಬಗು. ಸೇಂಟ್ ಲೂಯಿಸ್‌ನವರಿಗೆ ತಮ್ಮ ಮನೆಯ ಸಾವನ್ನು ಊರೆಲ್ಲ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಹಾಗೆ. ಆಮೇಲೆ 49 ವರ್ಷ ತಂಡ ಫೈನಲ್ ಮುಖವನ್ನೇ ನೋಡಲಿಲ್ಲ.

2018ರಲ್ಲಿ ತಂಡ ಕೆಟ್ಟದಾಗಿತ್ತಾ?

ಇಲ್ಲ. ಅದಕ್ಕೇ ಜನರಿಗೆ ಅಷ್ಟು ಸಿಟ್ಟು ಬಂದಿದ್ದು. ಹಿಂದಿನ ವರ್ಷ ಪ್ಲೇ-ಆಫ್ ಸ್ವಲ್ಪದರಲ್ಲಿ ತಪ್ಪಿತ್ತು. ಜನರಲ್ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ 2018ರ ಬೇಸಿಗೆಯಲ್ಲಿ ಕೈ ಬಿಚ್ಚಿ ಖರ್ಚು ಮಾಡಿದರು. ಜುಲೈ 1ರಂದು ಮೂವರು ಆಟಗಾರರನ್ನೂ ಮುಂದಿನ ಎರಡು ಡ್ರಾಫ್ಟ್ ಆಯ್ಕೆಗಳನ್ನೂ (ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಗಳನ್ನು) ಬಫಲೋ ತಂಡಕ್ಕೆ ಕೊಟ್ಟು ರಯಾನ್ ಓರೈಲಿಯನ್ನು ತಂದರು. ಟೈಲರ್ ಬೋಜಾಕ್, ಡೇವಿಡ್ ಪೆರಾನ್, ಪ್ಯಾಟ್ ಮರೂನ್ ಬಂದರು. ವ್ಲಾಡಿಮಿರ್ ತರಾಸೆಂಕೊ, ನಾಯಕ ಅಲೆಕ್ಸ್ ಪಿಯೆಟ್ರಾಂಜೆಲೊ ಮೊದಲೇ ಇದ್ದರು. ಕಾಗದದ ಮೇಲೆ ಬಲವಾದ ತಂಡ.

ಮಂಜಿನ ಮೇಲೆ ಮಾತ್ರ ಯಾವುದೂ ಕೂಡಿಬರಲಿಲ್ಲ. 19 ಪಂದ್ಯಗಳಲ್ಲಿ 7 ಗೆಲುವು. ನವೆಂಬರ್ 19ರಂದು ಲಾಸ್ ಏಂಜಲಿಸ್ ಎದುರು ತವರಲ್ಲೇ 2–0 ಸೋತ ರಾತ್ರಿ ಕೋಚ್ ಮೈಕ್ ಯೋ ಅವರನ್ನು ಮನೆಗೆ ಕಳಿಸಿದರು. ಡಿಸೆಂಬರ್‌ನಲ್ಲಿ ಅಭ್ಯಾಸದ ವೇಳೆ ರಾಬರ್ಟ್ ಬೋರ್ಟುಜೊ, ಜ್ಯಾಕ್ ಸ್ಯಾನ್‌ಫೋರ್ಡ್ ಎಂಬ ಒಂದೇ ತಂಡದ ಇಬ್ಬರು ಕೈ ಕೈ ಮಿಲಾಯಿಸಿ ಬಿದ್ದು ಹೊಡೆದಾಡಿದರು. ವೀಡಿಯೊ ಎಲ್ಲೆಡೆ ಹರಿದಾಡಿತು. ಇವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2019ರ ಜನವರಿ 3ರ ಬೆಳಿಗ್ಗೆ ಲೆಕ್ಕ ಹೀಗಿತ್ತು: 37 ಪಂದ್ಯ, 15-18-4, 34 ಪಾಯಿಂಟ್. 31 ತಂಡಗಳಲ್ಲಿ 31ನೆಯದು.

ಹಾಗಾದರೆ ಹೊಸ ಕೋಚ್ ಬಂದು ಎಲ್ಲ ಸರಿ ಮಾಡಿದರು ಅನ್ನಿ?

ಎಲ್ಲರೂ ಹೇಳುವ ಕಥೆ ಅದೇ. ನನಗೆ ಅದರಲ್ಲಿ ಅರ್ಧ ನಂಬಿಕೆ. ಹಂಗಾಮಿ ಕೋಚ್ ಆಗಿ ಬಂದವರು ಕ್ರೇಗ್ ಬರೂಬಿ. ಆಡುವ ಕಾಲದಲ್ಲಿ ಹೊಡೆದಾಟಕ್ಕೇ ಹೆಸರಾದವರು. 3,149 ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕಳೆದಿದ್ದಾರೆ, ಅಂದರೆ ಎರಡು ಹಗಲು ಎರಡು ರಾತ್ರಿಗಿಂತ ಹೆಚ್ಚು. ಮಾತು ಕಮ್ಮಿ, ಇದ್ದದ್ದನ್ನು ಇದ್ದಂಗೆ ಹೇಳುವ ಜನ. ಆಟವನ್ನು ಸರಳ ಮಾಡಿದರು: ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳು, ಬೆನ್ನಟ್ಟು, ಮೈಮೇಲೆ ಬೀಳು, ಅವರಿಗೆ ಉಸಿರಾಡಲು ಬಿಡಬೇಡ.

ಆದರೆ ಲೆಕ್ಕ ನೋಡಿ. ಬರೂಬಿ ಬಂದಾಗ ತಂಡ 7-9-3. ಜನವರಿ 3ಕ್ಕೆ 15-18-4. ಕಳೆದರೆ ಅವರ ಮೊದಲ 18 ಪಂದ್ಯಗಳು 8-9-1. ಕೋಚ್ ಬದಲಾದ ಮೇಲೂ ಆರು ವಾರ ಪಾಡು ಅದೇ ಆಗಿತ್ತು. ತಂಡ ಕಡೇ ಸ್ಥಾನಕ್ಕೆ ಬಿದ್ದಿದ್ದೇ ಅವರ ಕಾಲದಲ್ಲಿ. ಒಬ್ಬ ಕೋಚ್ ಬಂದ ಮರುದಿನವೇ ಹಣೆಬರಹ ಬದಲಾಗುವುದು ಸಿನಿಮಾದಲ್ಲಿ ಮಾತ್ರ.

ಹಾಗಿದ್ದರೆ ಬದಲಾಗಿದ್ದೇನು?

ಗೋಲಿ. ಜನವರಿ 7ರಂದು ಫಿಲಡೆಲ್ಫಿಯಾದಲ್ಲಿ ಜೋರ್ಡನ್ ಬಿನ್ನಿಂಗ್ಟನ್ ಎಂಬ 25 ವರ್ಷದ ಹುಡುಗನನ್ನು ಮೊದಲ ಬಾರಿಗೆ ಆರಂಭದಿಂದಲೇ ಗೋಲಿನಲ್ಲಿ ನಿಲ್ಲಿಸಿದರು. 25 ಹೊಡೆತ ಬಂದವು, ಒಂದೂ ಒಳಗೆ ಹೋಗಲಿಲ್ಲ. 3–0.

ಇವನ ಹಿನ್ನೆಲೆ ಕೇಳಿದರೆ ಪಾಪ ಅನ್ನಿಸುತ್ತದೆ. 2011ರ ಡ್ರಾಫ್ಟ್‌ನಲ್ಲಿ 88ನೆಯವನಾಗಿ ಆಯ್ಕೆಯಾದವನು. ಏಳೂವರೆ ವರ್ಷ ಕೆಳಗಿನ ಲೀಗ್‌ಗಳಲ್ಲೇ ಕಳೆದ. ಸೀಸನ್ ಶುರುವಾದಾಗ ತಂಡದ ಗೋಲಿಗಳ ಸಾಲಿನಲ್ಲಿ ನಾಲ್ಕನೆಯವನು. ಹಿಂದಿನ ವರ್ಷ ಅವನಿಗೆ ಜಾಗವಿಲ್ಲದೆ ಪ್ರಾವಿಡೆನ್ಸ್ ಎಂಬ ತಂಡಕ್ಕೆ ಎರವಲು ಕೊಟ್ಟಿದ್ದರು. ಪ್ರಾವಿಡೆನ್ಸ್ ಯಾರ ಮರಿ ತಂಡ ಗೊತ್ತಾ? ಬಾಸ್ಟನ್ ಬ್ರೂಯಿನ್ಸ್‌ದು. ಫೈನಲ್‌ನಲ್ಲಿ ಬ್ಲೂಸ್ ಎದುರಿಸಿದ್ದು ಅದೇ ಬಾಸ್ಟನ್ ಅನ್ನು.

ಅವನ ಲೆಕ್ಕ: 24 ಗೆಲುವು, 5 ಸೋಲು, 1 ಓವರ್‌ಟೈಮ್ ಸೋಲು. ಪಂದ್ಯಕ್ಕೆ ಸರಾಸರಿ 1.89 ಗೋಲು ಬಿಟ್ಟ. ನೂರು ಹೊಡೆತ ಬಂದರೆ ಸುಮಾರು 93 ತಡೆದ. ಜನವರಿ 3ರ ನಂತರ ಇಡೀ ತಂಡದ ಲೆಕ್ಕ 30-10-5. ಅದರಲ್ಲಿ ಬಿನ್ನಿಂಗ್ಟನ್ ಪಾಲು ತೆಗೆದರೆ ಉಳಿಯುವುದು 6-5-4. ಅವೇ ಹದಿನೆಂಟು ಆಟಗಾರರು, ಅದೇ ಕೋಚ್, ಅದೇ ತಂತ್ರ. ಗೋಲಿ ಬೇರೆಯಾದರೆ ತಂಡವೇ ಬೇರೆ. ಅವನಿಲ್ಲದಾಗ ಕಪ್ ಗೆಲ್ಲುವ ತಂಡದ ಲೆಕ್ಕವಲ್ಲ ಅದು.

ಹಾಗಂತ ಬರೂಬಿಯವರನ್ನು ಕಡೆಗಣಿಸಲಾರೆ. ಮುಂದಿನವರು ಬಿಗಿಯಾಗಿ ಕಾದಿದ್ದರಿಂದಲೇ ಬಿನ್ನಿಂಗ್ಟನ್‌ಗೆ ಸುಲಭದ ಹೊಡೆತಗಳು ಹೆಚ್ಚು ಬಂದವು. ಕಟ್ಟೆ ಕಟ್ಟಿದವರು ಅವರು, ತೂಬು ಮುಚ್ಚಿದವನು ಇವನು. ತೂಬು ತೆರೆದಿದ್ದರೆ ಎಷ್ಟು ಗಟ್ಟಿ ಕಟ್ಟೆಯಾದರೇನು, ಕೆರೆ ತುಂಬುವುದಿಲ್ಲ.

ಅವನು ಏನೋ ಒಂದು ಡೈಲಾಗ್ ಹೊಡೆದನಂತೆ?

ಪತ್ರಕರ್ತರೊಬ್ಬರು ಭಯವಾಗುತ್ತಿದೆಯಾ ಅಂತ ಕೇಳಿದರು. ಮುಖದ ಒಂದು ಗೆರೆಯೂ ಅಲುಗಿಸದೆ "ಭಯ ಬಿದ್ದವನ ಥರ ಕಾಣ್ತಿದ್ದೀನಾ?" ಅಂತ ತಿರುಗಿ ಕೇಳಿದ. ಆಮೇಲೆ ಅದು ಟಿ-ಶರ್ಟ್ ಮೇಲೂ ಬಂತು.

ಗೆದ್ದಾಗಲೆಲ್ಲ ಆ ಹಳೇ ಹಾಡು ಹಾಕುತ್ತಿದ್ದರಲ್ಲ, ಯಾಕೆ?

ಬಿನ್ನಿಂಗ್ಟನ್‌ನ ಆ ಪಂದ್ಯದ ಹಿಂದಿನ ದಿನ, ಜನವರಿ 6ರಂದು, ಕೆಲವು ಆಟಗಾರರು ಫಿಲಡೆಲ್ಫಿಯಾದ ಒಂದು ಬಾರ್‌ಗೆ ಹೋಗಿದ್ದರು. ಟೀವಿಯಲ್ಲಿ ಊರಿನ ಫುಟ್‌ಬಾಲ್ ತಂಡ ಈಗಲ್ಸ್‌ನ ಪಂದ್ಯ. ವಿರಾಮ ಬಂದಾಗೆಲ್ಲ ಅಲ್ಲಿದ್ದ ಗಿರಾಕಿಯೊಬ್ಬ "ಗ್ಲೋರಿಯಾ ಹಾಕ್ರೋ!" ಅಂತ ಕೂಗುತ್ತಿದ್ದ. ಲಾರಾ ಬ್ರನಿಗನ್ 1982ರಲ್ಲಿ ಹಾಡಿದ ಹಾಡು. ಹಾಕಿದ ಕೂಡಲೇ ಇಡೀ ಬಾರ್ ಎದ್ದು ಕುಣಿಯುತ್ತಿತ್ತು. ಲೀಗ್‌ನ ಕಟ್ಟಕಡೆಯ ತಂಡದ ಹುಡುಗರು ಅದನ್ನು ನೋಡಿ, ಇನ್ನು ಗೆದ್ದರೆ ನಾವೂ ಇದನ್ನೇ ಹಾಕೋಣ ಅಂದುಕೊಂಡರು. ಮರುದಿನವೇ ಗೆದ್ದರು. ಜೂನ್ ಹೊತ್ತಿಗೆ ಸೇಂಟ್ ಲೂಯಿಸ್‌ನಲ್ಲಿ ಅದು ಕೇಳದ ರೇಡಿಯೊ ಇರಲಿಲ್ಲ.

ಬೇರೆ ಊರಿನ ಬಾರಿನಿಂದ ಹಾಡು ಕದ್ದು ತಂದು ತಮ್ಮದು ಮಾಡಿಕೊಂಡ ರೀತಿ ನನಗೆ ಬಹಳ ಇಷ್ಟ.

ಕಡೇ ಸ್ಥಾನದಲ್ಲಿದ್ದಾಗ ಆಟಗಾರರನ್ನು ಯಾಕೆ ಮಾರಲಿಲ್ಲ?

ಒಳ್ಳೆಯ ಪ್ರಶ್ನೆ. ಎನ್‌ಎಚ್‌ಎಲ್‌ನಲ್ಲಿ ಕೆಳಗಿರುವ ತಂಡಗಳು ಗಡುವಿನೊಳಗೆ (ಆ ವರ್ಷ ಅದು ಫೆಬ್ರವರಿ ಕೊನೆಗಿತ್ತು) ಒಳ್ಳೆಯವರನ್ನು ಬಿಟ್ಟುಕೊಟ್ಟು ಡ್ರಾಫ್ಟ್ ಆಯ್ಕೆಗಳನ್ನು ಕೂಡಿಹಾಕುವುದು ವಾಡಿಕೆ. ಈ ಸಲದ ಬೆಳೆ ಹೋಯಿತು, ಮುಂದಿನ ಸಲಕ್ಕೆ ಬಿತ್ತನೆ ಬೀಜ ನೋಡಿಕೊಳ್ಳೋಣ ಅನ್ನುವ ಲೆಕ್ಕ. ತರಾಸೆಂಕೊ, ಪಿಯೆಟ್ರಾಂಜೆಲೊ ಇಬ್ಬರ ಹೆಸರೂ ಗಾಳಿಸುದ್ದಿಯಲ್ಲಿ ತೇಲುತ್ತಿತ್ತು. ಆರ್ಮ್‌ಸ್ಟ್ರಾಂಗ್ ಕಾದರು. ಅಷ್ಟರಲ್ಲಿ ಜನವರಿ 23ರಿಂದ ಫೆಬ್ರವರಿ 19ರ ತನಕ ಸತತ 11 ಗೆಲುವು ಬಂತು. ತಂಡದ ಇತಿಹಾಸದಲ್ಲೇ ಅಷ್ಟು ಉದ್ದದ ಸರಣಿ ಇರಲಿಲ್ಲ. ಮಾರುವ ಮಾತು ಅಲ್ಲಿಗೆ ನಿಂತಿತು.

ನನ್ನ ಕೇಳಿದರೆ ಇಡೀ ಸೀಸನ್‌ನ ದೊಡ್ಡ ಕೆಲಸ ಏನೂ ಮಾಡದೆ ಕೂತ ಆ ಆರು ವಾರ. ಟೀವಿ, ಪತ್ರಿಕೆ, ಅಭಿಮಾನಿಗಳು ಎಲ್ಲ "ಏನಾದರೂ ಮಾಡಿ" ಅಂತ ಬಾಯಿ ಬಡಿದುಕೊಳ್ಳುವಾಗ ಸುಮ್ಮನೆ ಕೂರಲು ಧೈರ್ಯ ಬೇಕು.

ಲೀಗ್ ಹಂತ ಎಲ್ಲಿಗೆ ಮುಗಿಯಿತು?

45-28-9, 99 ಪಾಯಿಂಟ್. ಸೆಂಟ್ರಲ್ ವಿಭಾಗದಲ್ಲಿ ಮೂರನೇ ಸ್ಥಾನ. ಓರೈಲಿ 77 ಪಾಯಿಂಟ್, ಅಂದರೆ ಗೋಲು ಮತ್ತು ನೆರವು ಸೇರಿ. ತರಾಸೆಂಕೊ 33 ಗೋಲು.

ಪ್ಲೇ-ಆಫ್‌ನ ಮೊದಲ ಸುತ್ತು ಸುಲಭವಾಗಿತ್ತಾ?

ಯಾವುದೂ ಸುಲಭವಾಗಿರಲಿಲ್ಲ. ವಿನಿಪೆಗ್ ಜೆಟ್ಸ್ ಎದುರು 2–2 ಸಮ ಇದ್ದಾಗ ಐದನೇ ಪಂದ್ಯದಲ್ಲಿ ಬ್ಲೂಸ್ 2–0 ಹಿಂದಿತ್ತು. ಎರಡೂ ತೀರಿಸಿ, ಕೊನೆಗೆ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಜೇಡನ್ ಶ್ವಾರ್ಟ್ಜ್ ಗೋಲು ಹೊಡೆದ. ಮುಂದಿನ ಪಂದ್ಯದಲ್ಲಿ ಬ್ಲೂಸ್‌ನ ಮೂರೂ ಗೋಲು ಅವನದೇ. 4–2ಕ್ಕೆ ಸರಣಿ ಮುಗಿಯಿತು.

ಡಲ್ಲಾಸ್ ಎದುರಿನ ಏಳನೇ ಪಂದ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಂಥದ್ದೇನಾಯಿತು?

ಮೇ 7, ಬ್ಲೂಸ್‌ನ ತವರು ಅಂಕಣ ಎಂಟರ್‌ಪ್ರೈಸ್ ಸೆಂಟರ್. ಸರಣಿ 3–3. ಡಲ್ಲಾಸ್ ಸ್ಟಾರ್ಸ್‌ನ ಗೋಲಿ ಬೆನ್ ಬಿಷಪ್ ಸೇಂಟ್ ಲೂಯಿಸ್‌ನಲ್ಲೇ ಬೆಳೆದವನು. ಅವತ್ತು 52 ಹೊಡೆತ ತಡೆದ. ತನ್ನ ಊರಿನ ಕನಸನ್ನು ತಾನೇ ಬಾಗಿಲಲ್ಲಿ ಅಡ್ಡ ನಿಂತು ತಡೆಯುತ್ತಿದ್ದ ಹಾಗಿತ್ತು. 1–1. ಪ್ಲೇ-ಆಫ್‌ನಲ್ಲಿ ಶೂಟ್‌ಔಟ್ ಇಲ್ಲ. ಗೋಲು ಬೀಳುವ ತನಕ 20 ನಿಮಿಷದ ಪಿರಿಯಡ್‌ಗಳು ಮುಂದುವರಿಯುತ್ತವೆ. ಮೊದಲ ಓವರ್‌ಟೈಮ್ ಹಾಗೇ ಕಳೆಯಿತು.

ಎರಡನೇ ಓವರ್‌ಟೈಮ್‌ನ 5 ನಿಮಿಷ 50 ಸೆಕೆಂಡ್. ಆಗಿನ್ನೂ 19 ವರ್ಷದ ರಾಬರ್ಟ್ ಥಾಮಸ್ ಗೋಲಿನ ಎದುರಿಂದ ಹೊಡೆದ. ಪಕ್ ಕಂಬಕ್ಕೆ ಠಣ್ ಅಂತ ಬಡಿದು, ಬಿಷಪ್‌ಗೆ ಹಿಂದಿನಿಂದ ತಗುಲಿ, ಅವನ ಬೆನ್ನ ಹಿಂದೆ ಗೆರೆಯ ಪಕ್ಕದಲ್ಲೇ ಬಿತ್ತು. ಬಿಷಪ್‌ಗೆ ಅದು ಎಲ್ಲಿದೆ ಎಂದೇ ಗೊತ್ತಿಲ್ಲ. ಪಕ್ಕದಲ್ಲೇ ನಿಂತಿದ್ದ ಪ್ಯಾಟ್ ಮರೂನ್ ಸುಮ್ಮನೆ ಒಳಗೆ ತಳ್ಳಿದ. ಅಷ್ಟೇ. ಒಂದು ಅಡಿ ದೂರದ ಗೋಲು.

ಮರೂನ್ ಕೂಡ ಅದೇ ಊರಿನವನು. ಅಲ್ಲೇ ಇದ್ದ ತನ್ನ ಮಗನ ಹತ್ತಿರ ಇರಬೇಕು ಅಂತ ಒಂದೇ ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಬಂದಿದ್ದ. ಚಳಿಗಾಲದಲ್ಲಿ ಊರಿನವರೇ ಅವನಿಗೆ ಛೀಮಾರಿ ಹಾಕುತ್ತಿದ್ದರು. ಅವತ್ತು ಕ್ಯಾಮೆರಾ ಗ್ಯಾಲರಿ ಕಡೆ ತಿರುಗಿತು: ಮಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಹ್ಯಾಂಡ್ ಪಾಸ್ ಗಲಾಟೆ ಏನು?

ಮೂರನೇ ಸುತ್ತು, ಸ್ಯಾನ್ ಹೋಸೆ ಶಾರ್ಕ್ಸ್ ಎದುರು ಮೂರನೇ ಪಂದ್ಯ, ಓವರ್‌ಟೈಮ್. ಶಾರ್ಕ್ಸ್‌ನ ಟಿಮೊ ಮೈಯರ್ ಬಿದ್ದಲ್ಲಿಂದಲೇ ಕೈಯಲ್ಲಿ ಪಕ್ಕನ್ನು ಮುಂದೆ ತಳ್ಳಿದ, ಅಲ್ಲಿಂದ ಎರಿಕ್ ಕಾರ್ಲ್‌ಸನ್ ಗೋಲು ಹೊಡೆದ. ಆ ಜಾಗದಲ್ಲಿ ಕೈಯಿಂದ ಸಹ ಆಟಗಾರನಿಗೆ ಕೊಡುವಂತಿಲ್ಲ. ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಕಂಡಿದ್ದು ನಾಲ್ವರು ಅಧಿಕಾರಿಗಳಿಗೆ ಕಾಣಲಿಲ್ಲ. ಆಗಿನ ನಿಯಮದಲ್ಲಿ ಅದಕ್ಕೆ ವೀಡಿಯೊ ಪರಿಶೀಲನೆಯೂ ಇರಲಿಲ್ಲ. 5–4 ಸೋಲು, ಸರಣಿಯಲ್ಲಿ 2–1 ಹಿಂದೆ.

ಇಲ್ಲಿ ತಂಡ ಕುಸಿಯಬೇಕಿತ್ತು. ಬರೂಬಿ ಆಟಗಾರರಿಗೆ ಹೇಳಿದ್ದು ಇಷ್ಟೇ: ಆಗಿದ್ದು ಆಯಿತು, ನಡೀರಿ. ಮುಂದಿನ ಮೂರು ಪಂದ್ಯ 2–1, 5–0, 5–1. ಮೂರೂ ಬ್ಲೂಸ್‌ಗೆ. ಮುಂದಿನ ವರ್ಷದಿಂದ ಲೀಗ್ ನಿಯಮ ಬದಲಿಸಿ ಇಂಥದ್ದನ್ನು ಪ್ರಶ್ನಿಸುವ ಅವಕಾಶವನ್ನು ಕೋಚ್‌ಗಳಿಗೆ ಕೊಟ್ಟಿತು.

ಹಾಗಾದರೆ ರೆಫರಿಗಳು ಬ್ಲೂಸ್‌ಗೆ ಯಾವತ್ತೂ ವಿರುದ್ಧವೇ?

ಅಭಿಮಾನಿಯಾಗಿ ಹೌದು ಅನ್ನಬೇಕು, ಆದರೆ ಸುಳ್ಳಾಗುತ್ತದೆ. ಫೈನಲ್‌ನ ಐದನೇ ಪಂದ್ಯದಲ್ಲಿ ಬೋಜಾಕ್ ಬಾಸ್ಟನ್‌ನ ನೋಯಲ್ ಅಚ್ಚಾರಿಯ ಕಾಲೆಳೆದು ಬೀಳಿಸಿದ, ಸೀಟಿ ಊದಲಿಲ್ಲ, ಕೆಲವೇ ಕ್ಷಣದಲ್ಲಿ ಪೆರಾನ್ ಗೋಲು ಹೊಡೆದ. ಬ್ಲೂಸ್ ಆ ಪಂದ್ಯ ಗೆದ್ದಿದ್ದು 2–1ರಿಂದ. ಬಾಸ್ಟನ್‌ನವರ ಮುಂದೆ ಹ್ಯಾಂಡ್ ಪಾಸ್ ಬಗ್ಗೆ ಗೊಣಗಿದರೆ ಅವರು ಇದನ್ನು ಎತ್ತುತ್ತಾರೆ, ಎತ್ತಲಿ ಬಿಡಿ.

ಫೈನಲ್ ಹೇಗೆ ನಡೆಯಿತು?

ಎದುರಾಳಿ ಬಾಸ್ಟನ್ ಬ್ರೂಯಿನ್ಸ್. 1970ರ ಅದೇ ಬಾಸ್ಟನ್. ಮೊದಲ ಪಂದ್ಯ ಬಾಸ್ಟನ್‌ಗೆ 4–2. ಫೈನಲ್‌ಗಳಲ್ಲಿ ಬ್ಲೂಸ್‌ನ ಲೆಕ್ಕ ಈಗ 13 ಪಂದ್ಯ, 13 ಸೋಲು.

ಎರಡನೇ ಪಂದ್ಯದಲ್ಲಿ ಬ್ಲೂಸ್‌ನ ಮೊದಲ ಗೋಲು ಬೋರ್ಟುಜೊನದು, ಡಿಸೆಂಬರ್‌ನಲ್ಲಿ ಹೊಡೆದಾಡಿದವನು. ಪಂದ್ಯ 2–2. ಕೊನೆಯ ನಿಮಿಷಗಳಲ್ಲಿ ಕಾರ್ಲ್ ಗುನ್ನಾರ್ಸನ್ ಹೊಡೆದದ್ದು ಕಂಬಕ್ಕೆ ಬಡಿಯಿತು. ಓವರ್‌ಟೈಮ್‌ಗೆ ಮುಂಚಿನ ವಿರಾಮದಲ್ಲಿ ಶೌಚಾಲಯದಲ್ಲಿ ಕೋಚ್ ಪಕ್ಕದಲ್ಲೇ ನಿಲ್ಲಬೇಕಾಗಿ ಬಂದಾಗ, ನನಗೆ ಇನ್ನೊಂದೇ ಒಂದು ಅವಕಾಶ ಸಿಕ್ಕರೆ ಸಾಕು ಅಂತ ಹೇಳಿದ. ಓವರ್‌ಟೈಮ್‌ನ ನಾಲ್ಕನೇ ನಿಮಿಷದಲ್ಲಿ ಸಿಕ್ಕಿತು, ಹೊಡೆದ. ಎನ್‌ಎಚ್‌ಎಲ್ ಪ್ಲೇ-ಆಫ್‌ನಲ್ಲಿ ಅವನ ಮೊಟ್ಟಮೊದಲ ಗೋಲು. ತಂಡಕ್ಕೆ ಫೈನಲ್‌ನಲ್ಲಿ ಮೊಟ್ಟಮೊದಲ ಗೆಲುವು. ಮಹತ್ವದ ಮಾತುಗಳು ಎಲ್ಲಿ ನಡೆಯುತ್ತವೆ ನೋಡಿ.

ಮೂರನೆಯದು ತವರಲ್ಲೇ 7–2 ಸೋಲು. ನಾಲ್ಕನೆಯದು ಬ್ಲೂಸ್‌ಗೆ 4–2. ಆ ಪಂದ್ಯದಲ್ಲಿ ಬಾಸ್ಟನ್‌ನ ನಾಯಕ, ಆರಡಿ ಒಂಬತ್ತು ಇಂಚಿನ ಜ್ಡೆನೊ ಹಾರಾನ ದವಡೆ ಪಕ್ ಬಡಿದು ಮುರಿಯಿತು. ಮುಂದಿನ ಪಂದ್ಯಕ್ಕೆ ಹಾಜರ್, 42ನೇ ವಯಸ್ಸಿನಲ್ಲಿ. ಎದುರಾಳಿಯಾದರೂ ಕೈ ಮುಗಿಯಬೇಕು. ಐದನೆಯದು ಬ್ಲೂಸ್‌ಗೆ. ಆರನೆಯದು ತವರಲ್ಲಿ, ಗೆದ್ದರೆ ಕಪ್, ಇಡೀ ಊರು ಬೀದಿಯಲ್ಲಿತ್ತು: 5–1 ಸೋಲು.

ಏಳನೇ ಪಂದ್ಯ?

ಜೂನ್ 12, ಬಾಸ್ಟನ್. ನಮಗೆ ಜೂನ್ 13ರ ಬೆಳಗಿನ ಐದೂವರೆ. ಅಮ್ಮ ಕಾಫಿ ಲೋಟ ಹಿಡಿದು ಬಂದು "ಬೆಳಗಾಗೆದ್ದು ಇದೇನೋ ಹೊಡೆದಾಟ ನೋಡ್ತಿದ್ದೀಯ" ಅಂದವಳು ಅಲ್ಲೇ ಕೂತಳು.

ಮೊದಲ ಪಿರಿಯಡ್‌ನಲ್ಲಿ ಬಾಸ್ಟನ್ 12 ಹೊಡೆತ, ಬ್ಲೂಸ್ ಬರೀ 4. ಆದರೆ ಅಂಕ 2–0, ಬ್ಲೂಸ್ ಮುಂದೆ. ಓರೈಲಿ ಒಂದನ್ನು ಸ್ಟಿಕ್ ತುದಿಯಲ್ಲಿ ತಿರುಗಿಸಿ ಹಾಕಿದ. ಪಿರಿಯಡ್ ಮುಗಿಯಲು 8 ಸೆಕೆಂಡ್ ಇದ್ದಾಗ ಪಿಯೆಟ್ರಾಂಜೆಲೊ ಇನ್ನೊಂದು. ಹನ್ನೆರಡಕ್ಕೆ ಹನ್ನೆರಡೂ ತಡೆದು ನಿಂತವನು ಬಿನ್ನಿಂಗ್ಟನ್. ಮೂರನೇ ಪಿರಿಯಡ್‌ನಲ್ಲಿ ಯೋಕಿಮ್ ನಾರ್ಡ್‌ಸ್ಟ್ರೋಮ್ ಮುಖಾಮುಖಿ ಹೊಡೆದದ್ದನ್ನು ಕಾಲು ಚಾಚಿ ಪ್ಯಾಡ್‌ನಲ್ಲಿ ತಡೆದ. ಅದು ಹೋಗಿದ್ದರೆ 2–1, ಆಮೇಲಿನದು ಯಾರಿಗೆ ಗೊತ್ತು. ಅದಾದ ಸ್ವಲ್ಪದರಲ್ಲಿ ಬ್ರೇಡನ್ ಶೆನ್ 3–0 ಮಾಡಿದ. ನಾಲ್ಕನೇ ಗೋಲು ಯಾರದು ಗೊತ್ತಾ? ಜ್ಯಾಕ್ ಸ್ಯಾನ್‌ಫೋರ್ಡ್. ಹೊಡೆದಾಡಿದ ಜೋಡಿಯಲ್ಲಿ ಎರಡನೆಯವನು.

ಕೊನೆಯಲ್ಲಿ ಬಾಸ್ಟನ್‌ಗೆ ಒಂದು ಗೋಲು ಬಂತು, ಮ್ಯಾಟ್ ಗ್ರಿಜೆಲಿಕ್‌ನಿಂದ. ಎರಡನೇ ಪಂದ್ಯದಲ್ಲಿ ಬ್ಲೂಸ್‌ನ ಓಸ್ಕರ್ ಸುಂಡ್‌ಕ್ವಿಸ್ಟ್ ಗುದ್ದಿದ್ದರಿಂದ ನಾಲ್ಕು ಪಂದ್ಯ ಹೊರಗಿದ್ದು, ಅವತ್ತೇ ವಾಪಸ್ ಬಂದಿದ್ದ. 4–1. ಬಿನ್ನಿಂಗ್ಟನ್ ತಡೆದದ್ದು 32. ಪ್ಲೇ-ಆಫ್‌ನ 16 ಗೆಲುವೂ ಅವನ ಹೆಸರಲ್ಲೇ. ಹೊಸಬ ಗೋಲಿಯೊಬ್ಬ ಅಷ್ಟು ಗೆದ್ದಿದ್ದು ಅದೇ ಮೊದಲು.

ಪಿಯೆಟ್ರಾಂಜೆಲೊ ಕಪ್ ಎತ್ತಿ, ಮೊದಲು ಕೊಟ್ಟಿದ್ದು ಜೇ ಬೌಮೀಸ್ಟರ್‌ಗೆ. ಒಂದು ಸಾವಿರಕ್ಕೂ ಹೆಚ್ಚು ಪಂದ್ಯ ಆಡಿ ಒಮ್ಮೆಯೂ ಅದನ್ನು ಮುಟ್ಟಿರದ ಹಿರಿಯ. ಅಷ್ಟರಲ್ಲಿ ನನ್ನ ಕಾಫಿ ಆರಿ ಕೆನೆ ಕಟ್ಟಿತ್ತು. ಅವತ್ತೇ ಮಧ್ಯಾಹ್ನ ವಿಶ್ವಕಪ್‌ನಲ್ಲಿ ಭಾರತ–ನ್ಯೂಜಿಲೆಂಡ್ ಪಂದ್ಯ ಇತ್ತು. ನಾಟಿಂಗ್‌ಹ್ಯಾಮ್‌ನ ಮಳೆಗೆ ಒಂದು ಎಸೆತವೂ ಆಗದೆ ರದ್ದಾಯಿತು. ಬೆಳಿಗ್ಗೆ ಬೇಗ ಎದ್ದದ್ದಕ್ಕೆ ಅವತ್ತಿನಷ್ಟು ಖುಷಿ ಎಂದೂ ಆಗಿಲ್ಲ.

ಸರಣಿಶ್ರೇಷ್ಠ ಯಾರು?

ಓರೈಲಿ. ಪ್ಲೇ-ಆಫ್‌ನಲ್ಲಿ 8 ಗೋಲು, 15 ನೆರವು. ಫೈನಲ್‌ನ ಕೊನೆಯ ನಾಲ್ಕೂ ಪಂದ್ಯಗಳಲ್ಲಿ ಗೋಲು ಹೊಡೆದಿದ್ದ. ಪಕ್ಕೆಲುಬು ಬಿರುಕು ಬಿಟ್ಟಿದ್ದರೂ ಆಡುತ್ತಿದ್ದ ಎಂಬುದು ಗೊತ್ತಾಗಿದ್ದು ಆಮೇಲೆ. ಒಂದು ವರ್ಷದ ಹಿಂದೆ ಬಫಲೋದಲ್ಲಿ ಸೋತು ಸೋತು, ಆಟದ ಮೇಲಿನ ಪ್ರೀತಿಯೇ ಕೆಲವೊಮ್ಮೆ ಹೋಗಿಬಿಟ್ಟಿತ್ತು ಅಂತ ಬಾಯಿಬಿಟ್ಟು ಹೇಳಿದ್ದವನು.

ತವರಿನ ಜನರ ಬೆಂಬಲವೇ ಗೆಲುವಿಗೆ ಕಾರಣ ಅಲ್ಲವಾ?

ಹೇಳಲು ಚೆನ್ನಾಗಿದೆ. ಆದರೆ ಆ ಪ್ಲೇ-ಆಫ್‌ನಲ್ಲಿ ಬ್ಲೂಸ್ ಹೊರಗೆ 10 ಗೆದ್ದು 3 ಸೋತಿತು. ತವರಲ್ಲಿ 6 ಗೆದ್ದು 7 ಸೋತಿತು.

ಒಟ್ಟಿನಲ್ಲಿ ಅದೃಷ್ಟ ಅನ್ನಬಹುದಾ?

ಅದೃಷ್ಟ ಇಲ್ಲದೆ ಯಾರೂ ಕಪ್ ಗೆದ್ದಿಲ್ಲ. ಕಂಬಕ್ಕೆ ಬಡಿದ ಪಕ್ ಬಿಷಪ್‌ನ ಹಿಂದೆ ಬೀಳದೆ ಪಕ್ಕಕ್ಕೆ ಹಾರಿದ್ದರೆ? ಜನವರಿಯಲ್ಲಿ ಲಾಸ್ ವೇಗಸ್‌ನ ಬೆಟ್ಟಿಂಗ್ ಅಂಗಡಿಯಲ್ಲಿ ಬ್ಲೂಸ್ ಮೇಲೆ ಒಂದಕ್ಕೆ 250 ಕೊಡುತ್ತಿದ್ದರು, ಒಬ್ಬ ಅಭಿಮಾನಿ 400 ಡಾಲರ್ ಕಟ್ಟಿ ಲಕ್ಷ ಡಾಲರ್ ತೆಗೆದುಕೊಂಡ. ಅದು ಅದೃಷ್ಟ. ಆದರೆ ಜನವರಿ 3ರ ಪಟ್ಟಿಯೇ ಸುಳ್ಳು ಹೇಳುತ್ತಿತ್ತು ಎಂಬುದು ನನ್ನ ವಾದ. ಬಲವಾದ ತಂಡ, ಒಂದೇ ಒಂದು ಕಡೆ ಸೋರುತ್ತಿತ್ತು. ಪವಾಡ ಅನ್ನುವವರು ಕೆಳಗಿನ ಸ್ಥಾನ ನೋಡುತ್ತಾರೆ, ಸೋರುತ್ತಿದ್ದ ಜಾಗ ನೋಡುವುದಿಲ್ಲ.

ಆರ್‌ಸಿಬಿ ಅಭಿಮಾನಿಗಳಿಗೆ ಈ ಕಥೆ ಯಾಕಿಷ್ಟು ಇಷ್ಟ?

ಕೇಳಬೇಕಾ? ಅದೇ 2019ರ ಐಪಿಎಲ್‌ನಲ್ಲಿ ನಮ್ಮವರು ಮೊದಲ ಆರೂ ಪಂದ್ಯ ಸೋತು ಕಡೇ ಸ್ಥಾನದಲ್ಲಿ ಮುಗಿಸಿದ್ದರು. "ಈ ಸಲ ಕಪ್ ನಮ್ದೇ" ಅಂದು ಅಂದು ಅದು ತಮಾಷೆಯ ಮಾತಾಗಿಬಿಟ್ಟಿದ್ದ ಕಾಲ. ಬೇರೆ ಯಾರದೋ ಊರಲ್ಲಿ, ಗೊತ್ತೇ ಇಲ್ಲದ ಆಟದಲ್ಲಿ, ಕಡೇ ಸ್ಥಾನದವರು ಕಪ್ ಎತ್ತಿದ್ದು ನೋಡಿ ಹೊಟ್ಟೆ ತಣ್ಣಗಾಯಿತು. ನಮ್ಮ ಸರದಿ ಬರಲು 2025ರ ಜೂನ್ 3ರ ತನಕ, ಹದಿನೆಂಟನೇ ಸೀಸನ್ ತನಕ ಕಾಯಬೇಕಾಯಿತು. ಅವರು ಕಾದಿದ್ದು 52 ವರ್ಷ, ಹಾಗಾಗಿ ಅವರ ಮುಂದೆ ನಾವು ಹೆಚ್ಚು ಗೋಳಾಡುವಂತಿಲ್ಲ.

ಆ ಕಪ್‌ನ ವಿಶೇಷ ಏನು?

ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಡುಗೆ ಕೊಟ್ಟಿದ್ದು. ಈಗ ಸುಮಾರು ಮೂರಡಿ ಎತ್ತರ, 15 ಕಿಲೋ ಮೇಲೆ ತೂಕ. ಗೆದ್ದ ಪ್ರತಿಯೊಬ್ಬ ಆಟಗಾರನ ಹೆಸರನ್ನೂ ಅದರ ಮೇಲೆ ಕೆತ್ತುತ್ತಾರೆ. ಬೇಸಿಗೆಯಲ್ಲಿ ಪ್ರತಿಯೊಬ್ಬನಿಗೂ ಒಂದು ದಿನ ಕಪ್ ಮನೆಗೆ ಬರುತ್ತದೆ, ಜೊತೆಗೆ ಬಿಳಿ ಗ್ಲೌಸ್ ತೊಟ್ಟ ಕಾವಲಿನವರೂ ಬರುತ್ತಾರೆ. ಅದರಲ್ಲಿ ಐಸ್‌ಕ್ರೀಮ್ ತಿಂದವರಿದ್ದಾರೆ, ಮಗುವನ್ನು ಕೂರಿಸಿದವರಿದ್ದಾರೆ. ಒಂದು ನಂಬಿಕೆಯೂ ಇದೆ: ಗೆಲ್ಲದವನು ಅದನ್ನು ಮುಟ್ಟಬಾರದು.

ಆ ತಂಡ ಈಗ ಎಲ್ಲಿದೆ?

ಚದುರಿಹೋಗಿದೆ. ಮುಂದಿನ ವರ್ಷವೂ ಕೋವಿಡ್‌ಗೆ ಆಟ ನಿಲ್ಲುವ ಹೊತ್ತಿಗೆ ಲೀಗ್‌ನ ಪಶ್ಚಿಮದ ತಂಡಗಳ ಗುಂಪಿನಲ್ಲಿ ಮೊದಲ ಸ್ಥಾನದಲ್ಲಿತ್ತು, ಆದರೆ ಪ್ಲೇ-ಆಫ್‌ನಲ್ಲಿ ವ್ಯಾಂಕೂವರ್ ಎದುರು ಸೋತಿತು. 2020ರ ಫೆಬ್ರವರಿಯಲ್ಲಿ ಬೌಮೀಸ್ಟರ್ ಪಂದ್ಯದ ನಡುವೆಯೇ ಹೃದಯ ನಿಂತು ಬೆಂಚಿನಲ್ಲಿ ಕುಸಿದ. ಜೀವ ಉಳಿಯಿತು, ಆಟ ಮುಗಿಯಿತು. ಪಿಯೆಟ್ರಾಂಜೆಲೊ ವೇಗಸ್‌ಗೆ ಹೋದ. ಮರೂನ್ ಟ್ಯಾಂಪಾಗೆ ಹೋಗಿ 2020, 2021 ಎರಡೂ ವರ್ಷ ಮತ್ತೆ ಕಪ್ ಗೆದ್ದ, ಸತತ ಮೂರು! ಓರೈಲಿಯನ್ನು 2023ರಲ್ಲಿ ಟೊರಾಂಟೊಗೆ ಕೊಟ್ಟರು. ಬರೂಬಿಯವರನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ತೆಗೆದರು, 2024ರಲ್ಲಿ ಅವರೂ ಟೊರಾಂಟೊದ ಕೋಚ್ ಆದರು.

ಎಲ್ಲ ನೋಡಲು ಪುರುಸೊತ್ತಿಲ್ಲ. ಒಂದೇ ಪಂದ್ಯ ನೋಡಬೇಕಾದರೆ?

ಡಲ್ಲಾಸ್ ಎದುರಿನ ಏಳನೆಯದು. ಅಷ್ಟಕ್ಕೂ ಪುರುಸೊತ್ತಿಲ್ಲವೇ, ಎರಡನೇ ಓವರ್‌ಟೈಮ್‌ನ ಮೊದಲ ಆರು ನಿಮಿಷ ನೋಡಿ. ಶಬ್ದ ಜೋರಾಗಿಟ್ಟುಕೊಳ್ಳಿ, ಕಂಬಕ್ಕೆ ಬಡಿದ ಸದ್ದು ಕೇಳಬೇಕು.